ಅತ್ತೆಯ ಕಾಲು ಮತ್ತು ನಮ್ಮ ಮೂರು ಪಾಳಿ

ಕಳೆದ ವಾರ ನಮ್ಮ ಮನೆಯ ಸಜ್ಜಾದ ಮೇಲಿನಿಂದ ಒಂದು ವಾಕರ್ ಇಳಿಸಿದೆವು. ಇಳಿಸಿದೆವು ಎಂದರೆ, ನಮ್ಮವರು ಸ್ಟೂಲ್ ಹತ್ತಿದರು, ನಾನು ಕೆಳಗೆ ನಿಂತು ಸಲಹೆ ಕೊಟ್ಟೆ. ನಮ್ಮ ಮನೆತನದಲ್ಲಿ ಕೆಲಸ ಮಾಡುವವರಿಗಿಂತ ಸಲಹೆ ಕೊಡುವವರಿಗೆ ಮರ್ಯಾದೆ ಹೆಚ್ಚು. ಅದನ್ನು ನೀವೇ ಮುಂದೆ ನೋಡುತ್ತೀರಿ. ವಾಕರಿನ ಮೈತುಂಬ ಧೂಳು. ಒಂದು ಕಾಲಿನ ರಬ್ಬರ್ ಟೊಪ್ಪಿಗೆ ಮಾಯವಾಗಿತ್ತು. ಹಿಡಿಕೆಗೆ ಸುತ್ತಿದ್ದ ಹಳೆಯ ಸೀರೆಯ ಚೂರು ಮಾತ್ರ ಕಟ್ಟಿದ ಹಾಗೆಯೇ ಇತ್ತು. ಅದನ್ನು ಮೂಗಿನ ಹತ್ತಿರ ಹಿಡಿದೆ. ನೋವಿನ ಎಣ್ಣೆ, ವಿಭೂತಿ, ಸ್ವಲ್ಪ ಎಲೆಯಡಿಕೆ. ನಮ್ಮ ಅತ್ತೆ ಕಾಶಮ್ಮನವರು ಸ್ಟೂಲಿನ ಪಕ್ಕದಲ್ಲೇ ಬಂದು ನಿಂತ ಹಾಗಾಯಿತು.

ಈ ವಾಕರ್ ಈಗ ಯಾರಿಗೆ ಎಂದು ಕೇಳಬೇಡಿ. ಹೇಳುತ್ತೇನೆ, ಆದರೆ ಆಮೇಲೆ. ಮೊದಲು ಇದು ನಮ್ಮ ಮನೆಗೆ ಹೇಗೆ ಬಂತು ಎಂಬುದನ್ನು ಕೇಳಿ.

ಕೆಲವು ವರ್ಷಗಳ ಹಿಂದೆ ಅತ್ತೆ ಔರಾದದಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದರು. ಆಗ ಅವರು ಹಿರಿಯ ಮಗ, ಅಂದರೆ ನನ್ನ ಭಾವ ಶರಣಪ್ಪನವರ ಮನೆಯಲ್ಲಿದ್ದರು. ಎಡಗಾಲಿನ ತೊಡೆಯ ಎಲುಬು ಸೊಂಟದ ಹತ್ತಿರವೇ ಮುರಿದಿತ್ತು. ಔರಾದದಿಂದ ಬೀದರಿಗೆ ತಂದು ಒಂದು ದವಾಖಾನೆಗೆ ಸೇರಿಸಿದರು. ಯಾವ ದವಾಖಾನೆ ಎಂದು ಹೇಳುವುದಿಲ್ಲ. ಅಲ್ಲಿಯವರು ನಮ್ಮನ್ನು ಮರೆತಿದ್ದರೆ ಅದು ಅವರ ಪುಣ್ಯ, ನಾನೇಕೆ ನೆನಪಿಸಲಿ?

ಆ ದವಾಖಾನೆಯಲ್ಲಿ ಆಗಷ್ಟೇ ಒಂದು ಹೊಸ ಪದ್ಧತಿ ಶುರುವಾಗಿತ್ತು. ಪಾಳಿ ಮುಗಿಸಿ ಹೋಗುವ ನರ್ಸು ಬರುವ ನರ್ಸಿಗೆ ರೋಗಿಯ ವಿಷಯವನ್ನೆಲ್ಲ ಒಪ್ಪಿಸಬೇಕಲ್ಲ, ಅದನ್ನು ಇನ್ನು ಮುಂದೆ ಅವರ ಕೋಣೆಯಲ್ಲಿ ಅಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು ಒಪ್ಪಿಸುವುದು. ರೋಗಿಯ ಮನೆಯವರೂ ಅಲ್ಲೇ ಇದ್ದು ಕೇಳಬೇಕು, ಗೊತ್ತಿದ್ದುದನ್ನು ಹೇಳಬೇಕು, ಸಂಶಯವಿದ್ದರೆ ಕೇಳಬೇಕು. ಎಷ್ಟು ಒಳ್ಳೆಯ ಯೋಚನೆ ನೋಡಿ! ಇದನ್ನು ಯೋಚಿಸಿದವರು ಯಾರೋ ಪುಣ್ಯಾತ್ಮರು. ಅವರಿಗೆ ನಮ್ಮ ಕಡೆಯ ಬೀಗರು, ಬಿಜ್ಜರು, ಒಂದೇ ಓಣಿಯವರು, ಒಂದೇ ಬಸ್ಸಿನಲ್ಲಿ ಬಂದವರು, ಇಂಥವರ ಪರಿಚಯವಿರಲಿಲ್ಲ ಅಷ್ಟೇ.

ನಾನು ಮಕ್ಕಳಿಗೆ ಕಲಿಸುತ್ತಿದ್ದವಳು, ಒಪ್ಪಿಸುವುದೆಂದರೆ ಏನೆಂದು ಚೆನ್ನಾಗಿ ಬಲ್ಲೆ. ನಮ್ಮ ಶಾಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರು ವರ್ಗವಾಗಿ ಇನ್ನೊಬ್ಬರು ಬಂದರೆ ಚಾರ್ಜ್ ಕೊಡುವ ಸಮಾರಂಭ ನಡೆಯುತ್ತಿತ್ತು. ಹಾರ, ಭಾಷಣ, ಫೋಟೋ, ಉಪ್ಪಿಟ್ಟು. ಎಲ್ಲ ಮುಗಿದು ಹಳಬರು ಊರು ಬಿಟ್ಟ ಮೇಲೆ ಕಪಾಟಿನ ಕೀಲಿಕೈ ಎಲ್ಲಿ ಎಂಬ ಹುಡುಕಾಟ ಶುರುವಾಗುತ್ತಿತ್ತು. ನನಗೆ ತಿಳಿದ ಒಪ್ಪಿಸುವಿಕೆ ಅದು. ಹಾಗಾಗಿ ಸಿಸ್ಟರ್ ಸುಗಂಧಾ ಹಾಸಿಗೆಯ ಹತ್ತಿರ ಬಂದು, ಉಪ್ಪಿಟ್ಟು ಇಲ್ಲದೆಯೇ ಒಪ್ಪಿಸತೊಡಗಿದಾಗ ನನಗೆ ಆಶ್ಚರ್ಯವಾಯಿತು.

ಸುಗಂಧಾ ಕಮಠಾಣದ ಹುಡುಗಿ. ಮಾತು ಕಡಿಮೆ, ನಡಿಗೆ ಚುರುಕು. ಮೊದಲ ದಿನ ಬರುವ ಪಾಳಿಯ ಸಿಸ್ಟರನ್ನು ಜೊತೆಗೆ ನಿಲ್ಲಿಸಿಕೊಂಡು ಕೇಳಿದಳು:

"ಕಾಶಮ್ಮನೋರ ಮನಿಯವ್ರು ಯಾರ್ರಿ? ಜರಾ ಹತ್ರ ಬರ್ರಿ."

ಹತ್ತಿರ ಬಂದರು. ಕಿಟಕಿಯ ಹತ್ತಿರ ನಿಂತವರು ಬಂದರು, ವರಾಂಡದಲ್ಲಿ ಕೂತವರು ಬಂದರು, ಚಹಾಕ್ಕೆ ಹೋದವರಿಗೆ ಫೋನ್ ಹೋಯಿತು, ಅವರೂ ಬಂದರು. ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಖಟಕ ಚಿಂಚೋಳಿಯ ಒಬ್ಬ ಹಿರಿಯರು, ಕರೆದಿದ್ದಾರೆ ಎಂದ ಮೇಲೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವರೂ ಬಂದು ನಿಂತರು.

"ಇಷ್ಟೂ ಮಂದಿ ಒಂದೇ ಪೇಷಂಟಿನವ್ರೇನ್ರಿ?" ಎಂದಳು ಸುಗಂಧಾ.

"ಇನ್ನಾ ಬರೋರು ಅದಾರ್ರಿ. ಬಸ್ಸು ತಡ ಆಗ್ಯಾದ," ಎಂದರು ಭಾವನವರು.

ಭಾವನವರ ಬಗ್ಗೆ ಒಂದು ಮಾತು. ಔರಾದದಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ದೊಡ್ಡ ಮೀಸೆ, ದೊಡ್ಡ ದನಿ. ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡಬಾರದು ಎಂಬ ಹಳೆಯ ಸಂಪ್ರದಾಯವನ್ನು ಜಿಲ್ಲೆಯಲ್ಲೆಲ್ಲ ಎಲ್ಲರೂ ಬಿಟ್ಟ ಮೇಲೂ ಅವರೊಬ್ಬರು ಹಿಡಿದುಕೊಂಡಿದ್ದರು. ನನ್ನ ಮದುವೆಯಾದಂದಿನಿಂದ ನನಗೆ ಹೇಳಬೇಕಾದುದನ್ನೆಲ್ಲ ಅವರು ಗೋಡೆಗೆ ಹೇಳುತ್ತಿದ್ದರು. "ಚಹಾ ಆದ್ರ ಛಲೋ ಆಗ್ತಿತ್ತು," ಎಂದು ಗೋಡೆಗೆ ಹೇಳಿದರೆ ನಾನು ಎದ್ದು ಚಹಾ ಇಡಬೇಕು. ದವಾಖಾನೆಯಲ್ಲಿ ಗೋಡೆ ದೂರವಿತ್ತು, ಹಾಗಾಗಿ ಸಲೈನ್ ಬಾಟಲಿ ತೂಗುಹಾಕುವ ಕಂಬಕ್ಕೆ ಹೇಳುತ್ತಿದ್ದರು. ಮನೆಯವರು ಯಾರು ಎಂದು ಸಿಸ್ಟರ್ ಕೇಳಿದಾಗ ಮುಂದೆ ಬಂದ ಗುಂಪಿನ ಹಿಂದೆ ನಾನು ಕಂಬದ ಜೊತೆಗೇ ನಿಂತಿದ್ದೆ. ಅತ್ತೆಯ ಮೈ ಒರೆಸುವುದು, ಪಾಟ್ ಇಡುವುದು, ತಲೆ ಬಾಚುವುದು ನನ್ನ ಪಾಲಿಗಿತ್ತು. ಇಂಥವನ್ನೆಲ್ಲ ಮಾಡುವವರು ಮನೆಯವರ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರು ಎಂದರೆ ನಿರ್ಧಾರ ಮಾಡುವವರು.

ಸುಗಂಧಾ ಒಪ್ಪಿಸಿದಳು. "ಕಾಶಮ್ಮ, ಔರಾದ. ಎಡಗಾಲಿನ ತೊಡಿ ಎಲುಬು ಮುರದದ, ಎಳತಕ್ಕ ತೂಕ ಕಟ್ಟೇವಿ. ನೋವಿಗಿ ಸೂಜಿ ಆಗ್ಯಾದ. ಬೆನ್ನಿಗಿ ಹುಣ್ಣು ಆಗಬಾರ್ದು, ನೋಡ್ಕೋತ ಇರಬೇಕು. ಡಾಕ್ಟ್ರು ಆಪರೇಷನ್ ಜಲ್ದಿ ಮಾಡಿಸ್ರಿ ಅಂದಾರ, ತಡ ಆದ್ರ ಎದ್ದು ನಡಿಯೋದು ಕಷ್ಟ ಅದ. ಮನಿಯವ್ರು ಇನ್ನಾ ಹೂಂ ಅಂದಿಲ್ಲ." ಆಮೇಲೆ ಅತ್ತೆಯ ಮುಖ ನೋಡಿ ಕೇಳಿದಳು: "ಅವ್ವಾ, ನಿಮಗ ಏನರೆ ಹೇಳೋದು ಕೇಳೋದು ಅದೇನ್ರಿ?"

ಅತ್ತೆ ಬಾಯಿ ತೆರೆದರು. ಆದರೆ ಮಾತು ಹೊರಟದ್ದು ಭಾವನವರ ಬಾಯಿಂದ.

"ಪೇಷಂಟಿನ ಮುಂದ ಇಂಥಾ ಮಾತು ಬ್ಯಾಡ್ರಿ ಸಿಸ್ಟರ್. ಹೊರಗ ಬರ್ರಿ, ಮಾತಾಡೋಣು."

ಹೀಗೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆಯಬೇಕಾದ ಕಾರ್ಯಕ್ರಮವನ್ನು ನಮ್ಮ ಮನೆತನದವರು ವರಾಂಡದ ನೀರಿನ ನಳದ ಹತ್ತಿರಕ್ಕೆ ಸಾಗಿಸಿದರು. ಪದ್ಧತಿ ಪೂರ್ತಿ ಜಾರಿಯಾಯಿತು, ರೋಗಿಯೊಬ್ಬರನ್ನು ಮಾತ್ರ ಕೈಬಿಡಲಾಯಿತು. ವಾರ್ಡು ಖಾಲಿಯಾಯಿತು. ಖಟಕ ಚಿಂಚೋಳಿಯ ಹಿರಿಯರೂ ಹೋದರು. ಅತ್ತೆ ಮತ್ತು ನಾನು ಇಬ್ಬರೇ ಉಳಿದೆವು.

"ಹುಡುಗೀ," ಎಂದರು ಅತ್ತೆ. ಐವತ್ತು ದಾಟಿದ ನನ್ನನ್ನು ಅವರು ಕರೆಯುತ್ತಿದ್ದುದು ಹಾಗೆಯೇ. "ಎಲ್ಲಾರೂ ಎಲ್ಲಿ ಹೋದ್ರು?"

"ನಿಮ್ಮ ಕಾಲಿನ ಸುದ್ದಿ ಮಾತಾಡ್ಲಿಕ್ಕ ಹೋಗ್ಯಾರ್ರಿ ಅತ್ತಿ."

ಅತ್ತೆ ತಮ್ಮ ಕಾಲನ್ನು ನೋಡಿಕೊಂಡರು. "ಕಾಲು ಇಲ್ಲೇ ಅದಲ್ಲಾ!" ಎಂದರು.

ನರ್ಸುಗಳಿಗೆ ಪಾಳಿ ಇದ್ದಂತೆ ನಮಗೂ ಪಾಳಿಗಳಿದ್ದವು. ಅವರ ಪಾಳಿ ಗಡಿಯಾರ ನೋಡಿ ಬದಲಾದರೆ ನಮ್ಮದು ಬಸ್ಸು ನೋಡಿ ಬದಲಾಗುತ್ತಿತ್ತು. ಮುಂಜಾನೆಯದು ಔರಾದ ಪಾಳಿ. ಭಾವನವರು ಮತ್ತು ಅವರ ಓಣಿ. ಇವರ ಅಭಿಪ್ರಾಯ, ಕತ್ತರಿ ಚಾಕು ಏಕೆ, ಗಡಿಯಾಚೆ ಮಹಾರಾಷ್ಟ್ರದ ಒಂದು ಹಳ್ಳಿಯಲ್ಲಿ ಎಲುಬು ಕಟ್ಟುವವನಿದ್ದಾನೆ, ಸೊಪ್ಪು ಅರೆದು ಬಿದಿರುಪಟ್ಟಿ ಕಟ್ಟುತ್ತಾನೆ, ಅಲ್ಲಿಗೆ ಒಯ್ಯೋಣ. ಮಧ್ಯಾಹ್ನ ಭಾಲ್ಕಿ ಪಾಳಿ. ನನ್ನ ನಾದಿನಿ ಮತ್ತು ಅವಳ ಗಂಡ ವೈಜಿನಾಥರು. ವೈಜಿನಾಥರ ಪ್ರಕಾರ ಬೀದರಿನಲ್ಲಿ ಏನೂ ಇಲ್ಲ, ಹೈದರಾಬಾದಿಗೆ ಒಯ್ಯಬೇಕು. ಅವರು ಒಮ್ಮೆ ಯಾರನ್ನೋ ನೋಡಲು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ಅಲ್ಲಿನ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿ ಬಂದಿದ್ದರು. ಅಂದಿನಿಂದ ವೈದ್ಯಕೀಯದ ಬಗ್ಗೆ ಅವರ ಮಾತಿಗೆ ತೂಕ ಬಂದಿತ್ತು. ಸಂಜೆ ಬೀದರ್ ಪಾಳಿ, ಅಂದರೆ ನಮ್ಮವರು. ನಮ್ಮವರ ಅಭಿಪ್ರಾಯ ಏನೆಂದರೆ, ಅಣ್ಣ ಹೇಳುವುದೂ ಖರೆ, ವೈಜಿನಾಥ ಹೇಳುವುದೂ ಖರೆ. ಡಾಕ್ಟರು ಕೇಳಿದರೆ ಅವರು ಹೇಳುವುದೂ ಖರೆ. ಇಷ್ಟು ಖರೆಗಳ ನಡುವೆ ಮುದುಕಿಯ ಕಾಲು ಮಾತ್ರ ಮುರಿದೇ ಇತ್ತು.

ನರ್ಸುಗಳು ಒಬ್ಬರಿಗೊಬ್ಬರು ಒಪ್ಪಿಸಿ ಹೋಗುತ್ತಿದ್ದರು. ನಮ್ಮ ಪಾಳಿಗಳು ಒಂದಕ್ಕೊಂದು ಏನನ್ನೂ ಒಪ್ಪಿಸುತ್ತಿರಲಿಲ್ಲ. ಔರಾದದವರು ಭಾಲ್ಕಿಯವರಿಗೆ ಒಪ್ಪಿಸುತ್ತಿದ್ದುದು ಒಂದೇ, ಕೂತ ಸ್ಟೂಲು. "ಬರ್ರಿ ಕೂಡ್ರಿ," "ನೀವು ಕೂಡ್ರಿ," "ಇಲ್ಲ ಇಲ್ಲ, ನಮ್ಮ ಬಸ್ಸು ಬಂತು." ಅಲ್ಲಿಗೆ ಮುಗಿಯಿತು. ಹಾಗಾಗಿ ಒಂದು ಸಂಜೆ ಸುಗಂಧಾ ಮುಂದಿನ ಸಿಸ್ಟರಿಗೆ ಹೇಳಿದ್ದು ಹೀಗಿತ್ತು: "ಮನಿಯವ್ರು ಮುಂಜಾನಿ ಎಲುಬು ಕಟ್ಟೋನ ಕಡಿ ಒಯ್ತೇವಿ ಅಂದಾರ. ಮಧ್ಯಾಹ್ನ ಹೈದ್ರಾಬಾದಕ್ಕ ಒಯ್ತೇವಿ ಅಂದಾರ. ಸಂಜಿಗಿ ನೋಡೋಣು ಅಂದಾರ." ಇದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಮ್ಮವರು ಮಾತ್ರ, ಯಾವುದೋ ಬೇರೆ ಮನೆಯ ಸುದ್ದಿ ಕೇಳಿದವರಂತೆ, "ಹಿಂಗಾದ್ರ ಹ್ಯಾಂಗ?" ಎಂದು ಮರುಗಿದರು.

ಊಟದ ವಿಷಯ ಹೇಳದಿದ್ದರೆ ಭೇಟಿಗೆ ಬಂದವರಿಗೆ ಅನ್ಯಾಯವಾಗುತ್ತದೆ. ನಮ್ಮ ಕಡೆ ಬೀಮಾರ ಆದವರನ್ನು ನೋಡಲು ಬಂದವರು ತಮ್ಮ ಕೈಯಾರೆ ಅವರ ಬಾಯಿಗೆ ಏನಾದರೂ ಇಡಲೇಬೇಕು. ಇಡದೆ ಹೋದರೆ ಬಂದದ್ದು ಲೆಕ್ಕಕ್ಕಿಲ್ಲ. ಅತ್ತೆಯೂ ಅಷ್ಟೇ, ಬಂದವರ ಕೈ ಹಿಂದೆ ಸರಿಸುವ ಜನ ಅಲ್ಲ. ಬೀದರಿನಲ್ಲಿ ಆ ದಿನಗಳಲ್ಲಿ ಮಾರಾಟವಾದ ಬಾಳೆಹಣ್ಣೆಲ್ಲ ನಮ್ಮ ವಾರ್ಡಿಗೇ ಬಂತೋ ಏನೋ ಎಂದು ನನಗೆ ಸಂಶಯ. ಮಲಗಿದಲ್ಲೇ ಇಷ್ಟೊಂದು ತಿಂದ ಮುದುಕಿಯ ಮುಂದಿನ ಕಷ್ಟವನ್ನು ಯಾರೂ ಯೋಚಿಸಲಿಲ್ಲ. ಪಾಟ್ ಇಡುವವಳು ನಾನು, ಹೇಳಿದೆನಲ್ಲ. ಆಗೆಲ್ಲ ಅತ್ತೆ ಮುಖ ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ಬೆಳಗಾಗುವ ಮೊದಲೇ ಎದ್ದು ತಮ್ಮದೆಲ್ಲ ತಾವೇ ಮುಗಿಸಿ ಯಾರಿಗೂ ಗೊತ್ತಾಗದಂತೆ ಮಡಿಯುಟ್ಟು ಕೂರುತ್ತಿದ್ದ ಹೆಂಗಸು ಅವರು. ನನಗೆ ಹೇಸಿಗೆಯಾಗಲಿಲ್ಲ, ಅವರಿಗಾಗಿ ಸಂಕಟವಾಗುತ್ತಿತ್ತು. ಒಂದು ದಿನ ಗೋಡೆಗೆ ಮುಖ ಮಾಡಿಯೇ ಹೇಳಿದರು: "ಹುಡುಗೀ, ದೇವರ ಗುಡಿತನಕ ನಡಿಯೋದು ಬ್ಯಾಡ. ಸಂಡಾಸಕ್ಕ ನಡಕೊಂಡು ಹೋದ್ರ ಸಾಕು ನೋಡು."

ವರಾಂಡದಲ್ಲಿ ನಿರ್ಧಾರ ಮಾಡುತ್ತಿದ್ದವರಿಗೆ ಈ ಮಾತು ಗೊತ್ತಿರಲಿಲ್ಲ. ಗೊತ್ತಾಗಲಿ ಎಂದು ನಾನು ನಮ್ಮವರಿಗೆ ಹೇಳಿದೆ. ಅದೂ ಖರೆ ಎಂದರು.

ಆಮೇಲೆ ತೂಕದ ಪ್ರಕರಣ ನಡೆಯಿತು. ಮುರಿದ ಕಾಲನ್ನು ಎಳೆದು ನೇರವಾಗಿಡಲು ಮಂಚದ ಕಾಲ್ದೆಸೆಯಲ್ಲಿ ಹಗ್ಗಕ್ಕೆ ಒಂದು ತೂಕ ಕಟ್ಟಿ ತೂಗುಬಿಟ್ಟಿದ್ದರು. ಮಧ್ಯಾಹ್ನದ ಪಾಳಿಯಲ್ಲಿ ವೈಜಿನಾಥರ ಕರುಳು ಕರಗಿತು. "ಮುದುಕಿ ಕಾಲಿಗಿ ಕಲ್ಲು ಕಟ್ಟಿ ಜೋತು ಬಿಟ್ಟಾರ. ಎಂಥಾ ಮಂದಿ ಇವ್ರು!" ಎಂದು ಆ ತೂಕವನ್ನು ಮೆಲ್ಲಗೆ ಎತ್ತಿ ಸ್ಟೂಲಿನ ಮೇಲೆ ಇಟ್ಟರಂತೆ. ಸಂಜೆ ಬಂದ ನಮ್ಮವರು ತೂಕ ಸ್ಟೂಲಿನ ಮೇಲಿರುವುದನ್ನು ನೋಡಿ, ದವಾಖಾನೆಯವರೇ ಇಟ್ಟಿರಬೇಕು ಎಂದುಕೊಂಡು, ಉರುಳದಿರಲಿ ಎಂದು ಟಿಫಿನ್ ಡಬ್ಬಿಯನ್ನು ಅದಕ್ಕೆ ಆನಿಸಿಟ್ಟರು. ಡಬ್ಬಿಯ ಮರೆಯಲ್ಲಿ ಅದು ರಾತ್ರಿ ಪಾಳಿಯವರ ಕಣ್ಣಿಗೂ ಬೀಳಲಿಲ್ಲ. ಮರುದಿನ ಮುಂಜಾನೆ ಭಾವನವರು ಬಂದು, ತೂಕಕ್ಕೆ ಸ್ಟೂಲು ಗಟ್ಟಿಯಾಯಿತೆಂದು ಕೆಳಗೆ ಒಂದು ಕಂಬಳಿ ಮಡಿಚಿ ಹಾಸಿದರು. ಅತ್ತೆಯ ಕಾಲಿಗೆ ಇಲ್ಲದ ಉಪಚಾರ ತೂಕಕ್ಕೆ ಸಿಕ್ಕಿತು. ನಾನು ಹಿಂದಿನ ಮಧ್ಯಾಹ್ನ ಶಾಲೆಗೆ ಮುಖ ತೋರಿಸಲು ಹೋಗಿ ರಾತ್ರಿ ಮನೆಯಲ್ಲೇ ಉಳಿದಿದ್ದೆ, ಬಂದು ನೋಡಿದರೆ ಅತ್ತೆ ನೋವಿನಿಂದ ತುಟಿ ಕಚ್ಚಿಕೊಂಡಿದ್ದಾರೆ, ಸುಗಂಧಾ ಸ್ಟೂಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಇದನ್ನ ಯಾರಿಟ್ರಿ?" ಎಂದಳು.

ಭಾವನವರು ಕಂಬದ ಕಡೆ ನೋಡಿದರು. ಕಂಬ ಬಾಯಿ ಬಿಡಲಿಲ್ಲ. ಅತ್ತೆಗೆ ಯಾರಿಟ್ಟದ್ದೆಂದು ಗೊತ್ತಿತ್ತು, ಆದರೆ ಅಳಿಯನ ಮಾನ ದೊಡ್ಡದು. "ತಾನೇ ಏರಿರಬೇಕವ್ವಾ," ಎಂದರು.

ಅಂದು ಡಾಕ್ಟರು ಎಲ್ಲರನ್ನೂ ನಿಲ್ಲಿಸಿ ಬೈದರು. ನಾಳೆ ಆಪರೇಷನ್ ಮಾಡುತ್ತೇನೆ, ನಾಳೆ ಬಿಟ್ಟರೆ ನಾನು ಪರ ಊರಿಗೆ ಹೋಗುತ್ತೇನೆ, ತಿರುಗಿ ಬರುವತನಕ ಹೀಗೇ ಮಲಗಿಸಿದರೆ ಈ ಅಜ್ಜಿ ಏಳುವುದಿಲ್ಲ, ಸಂಜೆಯೊಳಗೆ ಹೂಂ ಅನ್ನಿ, ಇಲ್ಲವೆ ಕರೆದುಕೊಂಡು ಹೋಗಿ ಎಂದರು. ಅವರು ಹೇಳಿದ್ದರಲ್ಲಿ ಕೊನೆಯ ಮಾತು ಮಾತ್ರ ಭಾವನವರ ಕಿವಿಗೆ ಬಿತ್ತು. ಸಂಜೆಯ ಹೊತ್ತಿಗೆ ಔರಾದದಿಂದ ಒಂದು ಜೀಪು ಬಂದು ದವಾಖಾನೆಯ ಗೇಟಿನ ಮುಂದೆ ನಿಂತಿತು. ಹಿಂದಿನ ಸೀಟು ತೆಗೆದು ಹಾಸಿಗೆ ಹಾಸಿದ್ದರು. ದಿಂಬು ಸಹ ಇತ್ತು. ಎಲುಬು ಕಟ್ಟುವವನಿಗೆ ಸುದ್ದಿ ಹೋಗಿತ್ತು. ನಮ್ಮ ಮನೆತನ ಒಂದು ಕೆಲಸವನ್ನು ಇಷ್ಟು ಚುರುಕಾಗಿ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

ಅಂದು ಮೂರೂ ಪಾಳಿಯವರು ಒಟ್ಟಿಗೇ ಇದ್ದರು. ವೈಜಿನಾಥರು ಜೀಪು ಬಂದಿದೆಯಲ್ಲ, ಅದನ್ನು ಹೈದರಾಬಾದಿನ ಕಡೆ ತಿರುಗಿಸಿದರೆ ಹೇಗೆ ಎಂದು ಕೇಳುತ್ತಿದ್ದರು. ನಮ್ಮವರು ಇಬ್ಬರಿಗೂ ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತಾಯಿತು. ಸುಗಂಧಾ ಬಂದಳು, ಜೊತೆಗೆ ಬರುವ ಪಾಳಿಯ ಸಿಸ್ಟರ್. ಎಂದಿನಂತೆ ಹೆಸರು, ಊರು, ಕಾಲು, ಸೂಜಿ, ಬೆನ್ನು ಎಲ್ಲ ಒಪ್ಪಿಸಿದಳು. ಎಂದಿನಂತೆ ಅತ್ತೆಯ ಮುಖ ನೋಡಿ ಕೇಳಿದಳು: "ಅವ್ವಾ, ನಿಮಗ ಏನರೆ ಹೇಳೋದು ಅದೇನ್ರಿ?"

"ಅಕಿಗೇನು ತಿಳೀತದ್ರಿ, ನಾವು ಒಯ್ಲಿಕತ್ತೇವಿ," ಎಂದು ಭಾವನವರು ಶುರುಮಾಡಿದರು.

ಅತ್ತೆ ಕೈ ಎತ್ತಿದರು. "ಶರಣಪ್ಪಾ, ಸುಮ್ಕಿರು. ಇದು ನನ್ನ ಪಾಳಿ."

ವಾರ್ಡಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದವರ ಕೈ ನಿಂತಿತು. ಅತ್ತೆ ಸುಗಂಧಾಳ ಧಾಟಿಯಲ್ಲೇ ಶುರುಮಾಡಿದರು. ದಿನಾ ಕೇಳಿ ಕೇಳಿ ಅವರಿಗೆ ಅದು ಬಾಯಿಪಾಠವಾಗಿಬಿಟ್ಟಿತ್ತು.

"ಕಾಶಮ್ಮ, ಔರಾದ. ಎಡಗಾಲು ಮುರದದ. ಬಲಗಾಲು ಛಲೋ ಅದ. ತಲಿನೂ ಛಲೋ ಅದ, ಅದರ ಸುದ್ದಿ ಯಾರೂ ಕೇಳಿಲ್ಲ. ಹಣ್ಣು ತಿನಿಸ್ದೋರು ಭಾಳ ಮಂದಿ. ಕಾಲಿನ ತೂಕ ಎತ್ತಿಟ್ಟೋರು ಮನಿಯವ್ರೇ, ಪಾಪ, ಮಾಯಾ ಮಮತಿಯಿಂದ ಇಟ್ಟಾರ, ಬೈಬ್ಯಾಡ್ರಿ. ನೋವು ಅದ. ಅಂಜಿಕಿನೂ ಅದ. ಆಪರೇಷನ್ ಮಾಡಿಸ್ಕೋತೇನಿ. ಇಲ್ಲೇ ಮಾಡಿಸ್ಕೋತೇನಿ. ನಾ ನಡೀಬೇಕು. ಬರೋ ಪಾಳಿಯವ್ರು ಇದನ್ನೇ ನೆನಪಿಟ್ಕೋರಿ, ಮಂದಿ ಬಂದಂಗ ಬದಲಿ ಮಾಡಬ್ಯಾಡ್ರಿ."

ಭಾವನವರ ಮೀಸೆ ಅಲುಗಿತು. ದೊಡ್ಡ ದನಿ ಎಲ್ಲಿ ಹೋಯಿತೋ, ಹುಡುಗನ ದನಿಯಲ್ಲಿ ಹೇಳಿದರು:

"ಎವ್ವಾ, ಅಪ್ಪಗ ಹಿಂಗೇ ಆಪರೇಷನ್ ಅಂತ ಒಳಗ ಒಯ್ದಿದ್ರು. ಹೊರಗ ಹ್ಯಾಂಗ ಬಂದ, ನೀ ಮರ್ತಿಯೇನು?"

ಆಗ ನನಗೆ ಜೀಪು, ದಿಂಬು, ಎಲುಬು ಕಟ್ಟುವವನು ಎಲ್ಲ ಅರ್ಥವಾಯಿತು. ಮಾವನವರು ತೀರಿಕೊಂಡಾಗ ಅವರ ಜೊತೆ ದವಾಖಾನೆಯಲ್ಲಿದ್ದವರು ಹಿರಿಯ ಮಗ ಒಬ್ಬರೇ. ಇಷ್ಟು ದಿನ ವರಾಂಡದಲ್ಲಿ ದನಿ ಎತ್ತಿ ಮಾತಾಡುತ್ತಿದ್ದುದು ಅವರ ಹೆದರಿಕೆ. ನನಗೆ ಅವರ ಮೇಲೆ ಸಿಟ್ಟು ಇದ್ದದ್ದು ಖರೆ, ಆದರೆ ಆ ಗಳಿಗೆಯಲ್ಲಿ ಅದು ಹಿಡಿಯಲು ಕೈಗೆ ಸಿಗಲಿಲ್ಲ.

ಅತ್ತೆ ಮಗನ ಕೈ ಹಿಡಿದುಕೊಂಡರು. "ಮರ್ತಿಲ್ಲಪ್ಪಾ. ನಿಮ್ಮಪ್ಪಗ ಏನು ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗ ಈ ಸಿಸ್ಟರ್ ದಿನಾ ಕೇಳ್ಯಾಳ. ದಿನಾ ನೀನೇ ಜವಾಬು ಕೊಟ್ಟಿ. ಇವತ್ತ ನಾ ಕೊಟ್ಟೆ." ಆಮೇಲೆ ಗುಂಪಿನ ಮೇಲಿಂದ ಕಣ್ಣಾಡಿಸಿದರು. "ಈಗ ಯಾರಿಗಿ ಒಪ್ಪಿಸ್ಲಿ?"

ಭಾವನವರು ಒಂದು ಹೆಜ್ಜೆ ಮುಂದೆ ಬಂದರು. ವೈಜಿನಾಥರು ಅಂಗಿಯ ಗುಂಡಿ ಸರಿಮಾಡಿಕೊಂಡರು. ನಮ್ಮವರು ಇಬ್ಬರನ್ನೂ ನೋಡಿದರು.

"ಹಿಂದ ಕಂಬದ ಕಡಿ ನಿಂತಾಳಲ್ಲ, ಅಕಿಗಿ," ಎಂದರು ಅತ್ತೆ. "ಬಾ ಹುಡುಗೀ. ಇನ್ನ ನೀ ನೋಡ್ಕೋ."

ಮಕ್ಕಳ ಮುಂದೆ ದಿನವಿಡೀ ನಿಂತು ಮಾತಾಡುತ್ತಿದ್ದ ನನಗೆ ಅಂದು ಹಾಸಿಗೆಯತನಕ ನಡೆಯಲು ಬಹಳ ಹೊತ್ತು ಹಿಡಿಯಿತು. ಜನ ಸರಿದು ದಾರಿ ಬಿಟ್ಟರು. ನಾನು ಅವರ ಕೈಯ ಹೆಬ್ಬೆರಳು ಹಿಡಿದುಕೊಂಡು "ಹೂಂ ಅತ್ತಿ" ಎಂದೆ. ಸುಗಂಧಾ ಬರುವ ಪಾಳಿಯ ಸಿಸ್ಟರಿನ ಕಡೆ ತಿರುಗಿ, "ಕೇಳಿದ್ಯಲ್ಲ? ಪೇಷಂಟ್ ಒಪ್ಪ್ಯಾರ," ಎಂದು ಹೇಳಿ ಪಕ್ಕದ ಹಾಸಿಗೆಗೆ ಹೋದಳು.

ಜೀಪು ವ್ಯರ್ಥವಾಗಲಿಲ್ಲ. ಔರಾದ ಪಾಳಿಯವರು ಅದರಲ್ಲೇ ಹಾಸಿಗೆಯ ಮೇಲೆ ಒರಗಿಕೊಂಡು ಊರಿಗೆ ಹೋದರು. ಭಾವನವರು ಮಾತ್ರ ಹೋಗಲಿಲ್ಲ.

ಆಪರೇಷನ್ ಆಯಿತು. ಒಳಗೆ ರಾಡು ಹಾಕಿದರು. ಹೊರಗೆ ಕೂತ ಭಾವನವರು ಗೋಡೆಗೆ, "ಡಾಕ್ಟ್ರು ಏನಂದ್ರು ಗೊತ್ತಾದ್ರ ಛಲೋ ಆಗ್ತಿತ್ತು," ಎಂದರು. ಛಲೋ ಆಗ್ಯಾದ ಎಂದು ನಾನೂ ಗೋಡೆಗೇ ಹೇಳಿದೆ. ಆಗ ಅಂಗಡಿಯಿಂದ ಈ ವಾಕರ್ ಬಂತು. ಅತ್ತೆ ಔರಾದಕ್ಕೆ ಹೋಗದೆ ನಮ್ಮ ಮನೆಗೇ ಬಂದರು. ಹಿಡಿಕೆ ಜಾರುತ್ತದೆ ಎಂದು ತಮ್ಮ ಸೀರೆಯ ಚೂರು ಹರಿದು ಸುತ್ತಿದರು. ಮೊದಲ ಸಲ ಒಬ್ಬರೇ ಸಂಡಾಸಿಗೆ ಹೋಗಿ, ಒಳಗಿಂದ ಚಿಲಕ ಹಾಕಿಕೊಂಡ ಶಬ್ದ ಕೇಳಿ ನಾನು ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಲಟ್ಟಣಿಗೆ ಹಿಡಿದುಕೊಂಡು, ರೊಟ್ಟಿ ಸೀಯುವತನಕ ಅಳುತ್ತಲೇ ಇದ್ದೆ. ನಮ್ಮವರು ಬಂದು ಯಾಕೆ ಎಂದು ಕೇಳಿದರು. ಹೊಗೆ ಎಂದೆ. ಅದೂ ಖರೆ ಎಂದರು.

ಆಮೇಲಿನ ವರ್ಷಗಳಲ್ಲಿ ಅತ್ತೆ ಒಪ್ಪಿಸುವುದನ್ನು ಬಿಡಲೇ ಇಲ್ಲ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಹಾಲ್‌ನಿಂದ ದನಿ ಬರುತ್ತಿತ್ತು. "ಕಾಶಮ್ಮ, ಬೀದರ್. ಊಟ ಆಗ್ಯಾದ. ಗುಳಿಗಿ ತೊಗೊಂಡೇನಿ. ಓಣಿಯಾಕಿ ಬಂದಿದ್ಲು, ಸಕ್ರಿ ಒಯ್ದಾಳ, ತಿರುಗಿ ಕೊಡೋಹಂಗ ಕಾಣೋದಿಲ್ಲ. ಇನ್ನ ನೀ ನೋಡ್ಕೋ." ನಾನು ಬೇಸರದ ದಿನ ಬೇಸರದಿಂದಲೂ, ಉಳಿದ ದಿನ ನಗುತ್ತಲೂ ಹೂಂ ಅನ್ನುತ್ತಿದ್ದೆ. ಕೊನೆಯ ಸಲದ್ದು ಚಿಕ್ಕದಿತ್ತು. ಮುಂಜಾನೆ ಹಾಲು ಕುಡಿಸಿ ಬಾಯಿ ಒರೆಸುತ್ತಿದ್ದೆ. "ಹಾಲು ಕುಡದೇನಿ. ನೋವು ಇಲ್ಲ. ಅಂಜಿಕಿನೂ ಇಲ್ಲ," ಎಂದರು. ಇನ್ನು ನೀ ನೋಡ್ಕೋ ಎನ್ನುತ್ತಾರೆಂದು ಕಾದೆ. ಅದನ್ನು ಹೇಳಲಿಲ್ಲ. ಅದನ್ನು ಎಂದೋ ಒಪ್ಪಿಸಿ ಆಗಿತ್ತಲ್ಲ.

ಈಗ ವಾಕರ್ ಯಾರಿಗೆ ಎಂದು ಹೇಳುವ ಹೊತ್ತು. ನನಗೆ. ಬಲ ಮೊಣಕಾಲು ಸವೆದಿದೆಯಂತೆ, ಬದಲಿಸಬೇಕಂತೆ. ಮಕ್ಕಳನ್ನು ನಿಲ್ಲಿಸಿ ಶಿಕ್ಷಿಸಿದವಳಿಗೆ ನಿಂತದ್ದೇ ಶಿಕ್ಷೆಯಾಯಿತು ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕರೆ ನಗಲಿ. ಸುದ್ದಿ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹೋಯಿತು. ಪಾಳಿಗಳಿಗೆ ಈಗ ಬಸ್ಸಿನ ಹಂಗೂ ಇಲ್ಲ. ವೈಜಿನಾಥರು ಹೈದರಾಬಾದಿನ ಅದೇ ಆಸ್ಪತ್ರೆಯ ಫೋಟೋ ಕಳಿಸಿದರು, ಲಿಫ್ಟು ಚೆನ್ನಾಗಿ ಕಾಣುತ್ತಿತ್ತು. ಔರಾದದಿಂದ ಎಣ್ಣೆಯ ಬಾಟಲಿಯ ಫೋಟೋ ಬಂತು. ನನ್ನ ಮೊಣಕಾಲಿನ ಮೇಲೆ ನಡೆದ ಚರ್ಚೆಯನ್ನು ನಾನು, ಆ ಮೊಣಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡು, ಓದಿದೆ. ಕಾಲು ಇಲ್ಲೇ ಇತ್ತು.

ನಿನ್ನೆ ಎಲ್ಲರೂ ಮನೆಗೇ ಬಂದರು, ಕೂತು ಮಾತಾಡಿದರೆ ಛಲೋ ಎಂದು. ಬಾಳೆಹಣ್ಣು ಬಂತು. ನಾನು ಚಹಾ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಚರ್ಚೆ ಕಾವೇರಿತು. ಭಾವನವರಿಗೆ ಈಗ ವಯಸ್ಸಾಗಿದೆ, ದನಿ ತಗ್ಗಿದೆ, ಮೀಸೆ ಬೆಳ್ಳಗಾಗಿದೆ. "ಗಡಬಡಿ ಮಾಡಬಾರ್ದು ಅಂತ ನನಗ ಅನಸ್ತದ," ಎಂದು ಅವರು ಗೋಡೆಗೆ ಹೇಳಿದರು. ನಮ್ಮವರು ಖರೆ ಎಂದರು. ನಾನು ಮೂಲೆಯಲ್ಲಿದ್ದ ವಾಕರ್ ಎಳೆದುಕೊಂಡೆ. ರಬ್ಬರ್ ಇಲ್ಲದ ಕಾಲು ಫರಶಿ ಕಲ್ಲಿನ ನೆಲದ ಮೇಲೆ ಕರ್ ಎಂದಿತು. ಎಲ್ಲರೂ ತಿರುಗಿ ನೋಡಿದರು. ಹಿಡಿಕೆಯ ಸೀರೆಯ ಚೂರನ್ನು ಹಿಡಿದುಕೊಂಡು ಹಾಲ್‌ನ ನಡುವೆ ಬಂದು ನಿಂತೆ.

"ಸುಮ್ಕಿರ್ರಿ ಎಲ್ಲಾರು. ಇದು ನನ್ನ ಪಾಳಿ," ಎಂದೆ.

ಹೇಳಬೇಕಾದುದನ್ನೆಲ್ಲ ಹಿಂದಿನ ದಿನವೇ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಬಲ ಮೊಣಕಾಲು, ಬೀದರಿನಲ್ಲೇ ಮಾಡಿಸಿಕೊಳ್ಳುತ್ತೇನೆ, ಹಣ್ಣು ತರಬೇಡಿ, ಯಾವ ತೂಕವನ್ನೂ ಯಾರೂ ಎತ್ತಿಡಬೇಡಿ. ಒಂದೊಂದು ಮಾತಿಗೂ ಒಂದೊಂದು ಚುಚ್ಚು ಇಟ್ಟಿದ್ದೆ. ಎಲ್ಲವನ್ನೂ ಹೇಳಿದೆ, ಜನ ನಕ್ಕರು ಕೂಡ. ಆದರೆ ಕೊನೆಗೆ, ನಾನು ಜೋಡಿಸದೆ ಇದ್ದ ಒಂದು ಮಾತು ತಾನಾಗಿಯೇ ಬಾಯಿಂದ ಬಂತು.

"ಅಂಜಿಕಿನೂ ಅದ," ಎಂದೆ.

ನಗು ನಿಂತಿತು. ಭಾವನವರು ಚಹಾದ ಕಪ್ಪು ಕೆಳಗಿಟ್ಟರು. ಗೋಡೆಯ ಕಡೆ ನೋಡಿದರು, ಆಮೇಲೆ ಗೋಡೆಯನ್ನು ಬಿಟ್ಟು ಮೆಲ್ಲಗೆ ನನ್ನ ಕಡೆ ತಿರುಗಿದರು.

"ನಾ ಯಾವಾಗ ಬರ್ಲಿ ಹೇಳವ್ವಾ?" ಎಂದರು.